ಅಳತೆ ಪುಸ್ತಕದ ನಾಯಕಿಯರು

ಟೇಲರಮ್ಮನ ಬಲಗೈ ಹೆಬ್ಬೆರಳಿನ ಗೆಣ್ಣು ಹುಣಸೆ ಬೀಜದ ಹಾಗೆ ಕಪ್ಪಾಗಿ ಗಟ್ಟಿಯಾಗಿತ್ತು. ಮೂವತ್ತು ವರ್ಷ ಕತ್ತರಿಯ ಹಿಡಿ ಒತ್ತಿ ಒತ್ತಿ ಆದದ್ದು. ಆ ಬೆರಳಿಗೆ ಯಾವಾಗಲೂ ನೀಲಿ ಚಾಕಿನ ಪುಡಿ ಮೆತ್ತಿರುತ್ತಿತ್ತು. ಅದೇ ಬೆರಳಿನಲ್ಲಿ ಹಾಳೆ ಮಗುಚುತ್ತಿದ್ದುದರಿಂದ ಬಾಡಿಗೆ ಲೈಬ್ರರಿಯ ಕಾದಂಬರಿಗಳ ಮೂಲೆಯಲ್ಲೆಲ್ಲ ನೀಲಿ ಗುರುತು. ಲೈಬ್ರರಿಯವನು ಪುಸ್ತಕ ಬಿಡಿಸಿ ನೋಡಿ, "ಇದು ನೀವು ಆಗ್ಲೇ ಓದಿದೀರಮ್ಮ, ನಿಮ್ಮ ಹೆಬ್ಬೆಟ್ಟು ಇದೆ" ಅನ್ನುತ್ತಿದ್ದ. "ಇರ್ಲಿ ಕೊಡಿ. ಸೀರೆ ಒಂದ್ಸಲ ಉಟ್ಟು ಬಿಸಾಕ್ತೀವಾ?" ಅಂತ ಇವರು ಕೈ ಚಾಚುತ್ತಿದ್ದರು.

ಅಂಗಡಿ ಇದ್ದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಒಂದೇ ಬಾಗಿಲು, ಎರಡು ಮಿಷನ್ನು, ನೆಲದ ಮೇಲೆ ಒಂದು ಚಾಪೆ. ನಾನು ಅಲ್ಲಿಗೆ ಸೇರುವಾಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಕಂಡವರ ಮನೆಯ ಪಾತ್ರೆ ತಿಕ್ಕಿ ಸೊಂಟ ಬಿದ್ದು ಹೋಗಿತ್ತು, ಕೂತು ಮಾಡುವ ಕೆಲಸ ಬೇಕಿತ್ತು. ಟೇಲರಮ್ಮ ಒಂದು ಚೂರು ಬಟ್ಟೆ ಕೊಟ್ಟು ಹೆಮ್ಮಿಂಗ್ ಹಾಕು ಅಂದರು. ಹಾಕಿದೆ. ಕನ್ನಡಕ ಏರಿಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಎಷ್ಟನೇ ಕ್ಲಾಸು ಓದಿದೀಯ?"

"ನಾಲ್ಕು" ಅಂದೆ.

ಸುಳ್ಳು. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಅಕ್ಕನ ಮಕ್ಕಳಿಗೆ ಊಟದ ಡಬ್ಬಿ ಕೊಡುವುದಕ್ಕೆ ಮಾತ್ರ. ಟೇಪಿನ ಮೇಲಿನ ಅಂಕಿ ಗೊತ್ತಿತ್ತು. ಅಕ್ಷರ ಒಂದೂ ಗೊತ್ತಿರಲಿಲ್ಲ. ಓದು ಬರುವುದಿಲ್ಲ ಅಂದರೆ ಕೆಲಸ ಸಿಗುವುದಿಲ್ಲ ಅಂತ ಹಾಗೆ ಹೇಳಿದೆ. ಆ ಸುಳ್ಳಿಗೆ ಬೆಲೆ ತೆತ್ತವಳು ನಾನಲ್ಲ, ಅವರು. ಅದಕ್ಕೇ ಇದನ್ನು ಬರೆಯುತ್ತಿರುವುದು.

ಅಂಗಡಿಯಲ್ಲಿ ನಾವು ಮೂವರು. ಟೇಲರಮ್ಮ, ನಾನು, ಮತ್ತು ಸೀರೆ ಅಂಚಿಗೆ ಪಿಕೋ ಹಾಕುವ ಒಬ್ಬ ತಮಿಳಿನ ಹೆಂಗಸು. ಅವಳನ್ನು ಎಲ್ಲರೂ ಪಿಕೋ ಅಕ್ಕ ಅನ್ನುತ್ತಿದ್ದರು. ಟೇಲರಮ್ಮನದು ಒಂದು ಕಟ್ಟುನಿಟ್ಟು. ಮಿಷನ್ ಕೆಲಸವೆಲ್ಲ ಬೆಳಿಗ್ಗೆ ಮುಗಿಯಬೇಕು. ಹುಕ್ಕು, ಕಾಜ, ಹೆಮ್ಮಿಂಗ್, ಸೀರೆಗೆ ಫಾಲ್ ಹೊಲಿಯುವುದು, ಇಂಥ ಕೈಕೆಲಸವನ್ನೆಲ್ಲ ಮಧ್ಯಾಹ್ನಕ್ಕೆ ಉಳಿಸಬೇಕು. ಬೇರೆ ಅಂಗಡಿಯಲ್ಲಿ ಹೀಗಿಲ್ಲ. ಇಲ್ಲಿ ಯಾಕೆ ಅಂತ ಮೊದಲ ದಿನವೇ ತಿಳಿಯಿತು. ಕಾರ್ಖಾನೆಯ ಎರಡು ಗಂಟೆಯ ಸೈರನ್ ಕೂಗಿತು. ಟೇಲರಮ್ಮ ಮಿಷನ್ನಿಗೆ ಮುಸುಕು ಹಾಕಿ, ಡ್ರಾಯರಿನಿಂದ ಕಾದಂಬರಿ ತೆಗೆದು, ಗಟ್ಟಿಯಾಗಿ ಓದತೊಡಗಿದರು. ಮಿಷನ್ ಓಡಿದರೆ ಓದಿದ್ದು ಕೇಳುವುದಿಲ್ಲ, ಅದಕ್ಕೇ ಈ ಏರ್ಪಾಡು.

ಅವರು ಓದುತ್ತಿದ್ದುದು ಒಂದೇ ಜಾತಿಯ ಪುಸ್ತಕ. ಮುಂಬೈಯ ದೊಡ್ಡ ಫ್ಯಾಷನ್ ಕಂಪನಿ, ಅಲ್ಲಿಗೆ ಸಣ್ಣ ಊರಿನಿಂದ ಬಂದ ಹುಡುಗಿ, ಕಣ್ಣು ಕುಕ್ಕುವ ದೀಪ, ಆ ದೀಪದ ಕೆಳಗೆ ಬಟ್ಟೆ ತೋರಿಸಿಕೊಂಡು ನಡೆಯುವ ಎತ್ತರದ ಹೆಂಗಸರು. ನಗುನಗುತ್ತ ಬೆನ್ನಿಗೆ ಚೂರಿ ಹಾಕುವ ಒಬ್ಬ ಗೆಳತಿ. ಕ್ಯಾಮೆರಾ ಹಿಡಿದ ಒಬ್ಬ ಗಂಡು. ಕೊನೆಗೆ ವಿಮಾನ, ವಿದೇಶ, ಮದುವೆ. ಆ ಪುಸ್ತಕಗಳಲ್ಲಿ ಯಾರಿಗೂ ಮಂಡಿನೋವಿಲ್ಲ. ಸೀಮೆಎಣ್ಣೆಗೆ ಕ್ಯೂ ಇಲ್ಲ. ಅತ್ತೆ ಇದ್ದರೂ ವಿಮಾನದಲ್ಲಿ ಓಡಾಡುವ ಅತ್ತೆ. ಮೊದಮೊದಲು ನನಗೆ ಇದೇನು ಹುಚ್ಚು ಅನ್ನಿಸಿತು. ಒಂದು ವಾರ ಕಳೆಯುವುದರೊಳಗೆ ಬೆಳಿಗ್ಗೆ ಅನ್ನಕ್ಕೆ ಇಡುವಾಗಲೇ, ಆ ಹುಡುಗಿಯ ಗೌನು ಯಾರು ಹರಿದಿರಬಹುದು ಅಂತ ಯೋಚನೆ ಮಾಡುತ್ತಿದ್ದೆ.

ಬಟ್ಟೆಯ ಹೆಸರು ಬಂದರೆ ಟೇಲರಮ್ಮ ಓದು ನಿಲ್ಲಿಸುತ್ತಿದ್ದರು. ಕಟ್‌ಪೀಸಿನ ಚೀಲಕ್ಕೆ ಕೈ ಹಾಕಿ ಒಂದು ಚೂರು ಎಳೆದು ನಮ್ಮ ಕೈಗೆ ಕೊಡುತ್ತಿದ್ದರು. "ಇದು ಶಿಫಾನ್. ಬೆರಳಲ್ಲಿ ಹಿಡ್ಕೊಂಡು ಕೇಳಿ. ಅವಳು ಉಟ್ಟಿರೋದು ಇದು." ನಾವು ಆ ಚೂರನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದೆವು. ಸ್ಯಾಟಿನ್, ಜಾರ್ಜೆಟ್, ವೆಲ್ವೆಟ್, ಎಲ್ಲವನ್ನೂ ನಾನು ಹಾಗೆ ಕಲಿತೆ. ಬರೆದವರು ತಪ್ಪಿದರೆ ಅವರ ಗ್ರಹಚಾರ ಬಿಡಿಸುತ್ತಿದ್ದರು. ಒಂದು ಪುಸ್ತಕದಲ್ಲಿ ಹುಡುಗಿ ಸ್ಯಾಟಿನ್ ಗೌನಿನಲ್ಲಿ ಮಳೆಗೆ ನೆಂದು ಮಿಂಚಿದಳು ಅಂತಿತ್ತು.

"ಸುಳ್ಳು ಬರೀತಾರೆ ಕಣ್ರೇ. ಸ್ಯಾಟಿನ್ ನೆಂದ್ರೆ ಕಲೆ ಬೀಳತ್ತೆ. ಇವನು ಅವಳನ್ನ ನೋಡಿ ಮರುಳಾಗಲ್ಲ, ಡ್ರೈ ಕ್ಲೀನಿಂಗಿಗೆ ಕೊಡು ಅಂತಾನೆ."

ಬ್ಲೌಸು ಕೊಡಲು ಬಂದ ಸ್ಕೂಲ್ ಮೇಡಂ ಒಬ್ಬರು ಒಂದು ದಿನ, "ಇಂಥ ಜೊಳ್ಳು ಪುಸ್ತಕ ಯಾಕ್ರೀ ಓದ್ತೀರ? ಒಳ್ಳೆ ಸಾಹಿತ್ಯ ಓದಿ, ಬಡವರ ಕಷ್ಟ ಗೊತ್ತಾಗತ್ತೆ" ಅಂದರು. ಟೇಲರಮ್ಮ ದಾರ ಕಚ್ಚಿ ತುಂಡು ಮಾಡಿ ಹೇಳಿದರು: "ಬಡವಿ ಇಲ್ಲೇ ಕೂತು ಹುಕ್ಕು ಹಾಕ್ತಿದಾಳೆ ಮೇಡಂ, ದಿನಾ ನೋಡ್ತೀನಿ. ಆ ಶಿಫಾನ್ ಗೌನಿನವಳನ್ನ ಎಲ್ಲಿ ಹೋಗಿ ನೋಡ್ಲಿ?" ಬಡವಿ ಅಂದದ್ದು ನನ್ನನ್ನೇ. ನನಗೆ ಬೇಜಾರಾಗಲಿಲ್ಲ, ನಿಜ ತಾನೆ.

ಅವರ ಸ್ವಂತ ವಿಷಯ ಹೆಚ್ಚು ಹೇಳುತ್ತಿರಲಿಲ್ಲ. ದಾವಣಗೆರೆಯಿಂದ ಆಚೆ ಹೋದವರಲ್ಲ. ತಮ್ಮನ ಮನೆಯಲ್ಲಿ ಒಂದು ಕೋಣೆ. ಗಂಡನ ವಿಚಾರ ಒಂದೇ ಸಲ ಬಂದದ್ದು. "ಹೋದ. ಮಿಷನ್ ಬಿಟ್ಟು ಹೋದ, ಪುಣ್ಯ." ಅಷ್ಟೇ.

ಈಗ ಅಳತೆ ಪುಸ್ತಕದ ವಿಷಯ ಹೇಳಬೇಕು. ಬೇರೆ ಟೇಲರುಗಳು ಹಳೆಯ ಬ್ಲೌಸು ತೆಗೆದುಕೊಂಡು ಅದರ ಅಳತೆಗೆ ಹೊಲಿಯುತ್ತಾರೆ. ಇವರು ಮುಟ್ಟುತ್ತಿರಲಿಲ್ಲ. "ಹಳೇ ಬ್ಲೌಸು ಹಳೇ ಮೈಯದು" ಅನ್ನುತ್ತಿದ್ದರು. ಪ್ರತಿ ಸಲ ಟೇಪು ಹಿಡಿದು ಅಳೆದು, ಉದ್ದನೆಯ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದು ಪುಟ ಬರೆಯುತ್ತಿದ್ದರು. ಅವರ ಬ್ಲೌಸಿನ ಹೆಸರು ಎಷ್ಟಿತ್ತೆಂದರೆ ಶಿವಮೊಗ್ಗದಿಂದ ಬಸ್ಸು ಹತ್ತಿ ಬರುತ್ತಿದ್ದರು.

ಆ ಪುಸ್ತಕದಲ್ಲಿ ಗಿರಾಕಿಗಳ ನಡುವೆ ಕಾದಂಬರಿಯ ಹುಡುಗಿಯರೂ ಇದ್ದರು. ಹೊಸ ಕಾದಂಬರಿ ಶುರುವಾಗಿ, ನಾಯಕಿ ಎಷ್ಟು ಎತ್ತರ, ಸೊಂಟ ಹೇಗೆ ಅಂತ ಬಂದ ಕೂಡಲೇ ಟೇಲರಮ್ಮ ಕಣ್ಣು ಮುಚ್ಚಿ ಲೆಕ್ಕ ಹಾಕಿ, ಅವಳ ಹೆಸರಿನಲ್ಲಿ ಒಂದು ಪುಟ ತೆಗೆಯುತ್ತಿದ್ದರು. ಎದೆ ಇಷ್ಟು, ತೋಳು ಇಷ್ಟು, ಕತ್ತಿನ ಇಳಿವು ಇಷ್ಟು. ಅವಳ ಮೈ ಗೊತ್ತಾದರೆ ಮುಂದೆ ಅವಳು ಹಾಕುವ ಬಟ್ಟೆಯೆಲ್ಲ ಕಣ್ಣಿಗೆ ಕಟ್ಟುತ್ತದೆ ಅಂತ ಅವರ ವಾದ.

"ಗಿರಾಕಿಗಳ ಪುಸ್ತಕದಲ್ಲಿ ಯಾಕಮ್ಮ ಬರೀತೀರ?" ಅಂತ ಕೇಳಿದ್ದೆ.

"ಇವಳೂ ಗಿರಾಕೀನೇ ಮಾರಾಯ್ತಿ. ದುಡ್ಡು ಕೊಡಲ್ಲ, ಕಾಟಾನೂ ಕೊಡಲ್ಲ."

ಒಂದು ವೈಶಾಖದಲ್ಲಿ ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಒಂದು ಮದುವೆಯ ಕೆಲಸ ಬಂತು. ಹುಡುಗಿಯ ತಾಯಿ ಜೋರು ಹೆಂಗಸು, ಆಕೆಯ ಮಾತಿಗೆ ಅವರ ಬೀದಿಯೆಲ್ಲ ತಲೆ ಆಡಿಸುತ್ತಿತ್ತು. ಮದುಮಗಳು, ಅವಳ ಇಬ್ಬರು ತಂಗಿಯರು, ಚಿಕ್ಕಮ್ಮನ ಮಗಳು, ನಾಲ್ಕೂ ಜನ ಒಂದೇ ದಿನ ಬಂದು ಅಳತೆ ಕೊಟ್ಟು ಹೋದರು. ಮದುಮಗಳನ್ನು ಕೊನೆಗೆ ಅಳೆದದ್ದು. ಧಾರೆ ಸೀರೆಗೆ ಅಂಟಿಕೊಂಡೇ ಬಂದ ಬ್ಲೌಸ್ ಪೀಸು. ಕೆಟ್ಟರೆ ಅಂಥದ್ದು ಇನ್ನೊಂದು ಸಿಗುವುದಿಲ್ಲ.

ವಾರದ ಮೇಲೆ ಒಂದು ಬೆಳಿಗ್ಗೆ ಟೇಲರಮ್ಮ ಆ ಬಟ್ಟೆ ಹಾಸಿದರು. ಅವತ್ತು ಅವರಿಗೆ ವಿಪರೀತ ತಲೆನೋವು, ಹಣೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದರು. "ಕನ್ನಡಕ ಹಾಕಿದ್ರೆ ವಾಂತಿ ಬರೋ ಹಾಗಾಗತ್ತೆ. ಹೊಸಮನೆ ಮದುವೆ ಹುಡುಗಿ ಪುಟ ತೆಗ್ದು ಅಂಕಿ ಹೇಳು" ಅಂದರು. ಮದುಮಗಳ ಅಳತೆ ಕೊನೆಯದು, ಮದುವೆ ಕೆಲಸದ ಗಡಿಬಿಡಿಯಲ್ಲಿ ಆ ವಾರ ಬೇರೆ ಯಾರ ಅಳತೆಯೂ ತೆಗೆದುಕೊಂಡಿರಲಿಲ್ಲ ಅಂತ ನನಗೆ ನೆನಪಿತ್ತು. ಬರೆದಿರುವ ಕೊನೆಯ ಪುಟ ತೆಗೆದೆ. ಅದರ ಮೇಲಿನ ಹೆಸರು ಓದಲು ಬಂದಿದ್ದರೆ ಅವತ್ತೇ ನಿಲ್ಲುತ್ತಿತ್ತು. ಹಿಂದಿನ ಸಂಜೆ ನಾನು ಮನೆಗೆ ಹೋದ ಮೇಲೆ ಟೇಲರಮ್ಮ ಹೊಸ ಕಾದಂಬರಿಯ ನಾಯಕಿಗೆ ಒಂದು ಪುಟ ತೆಗೆದಿದ್ದರು. ನಾನು ಅವಳ ಅಂಕಿ ಹೇಳಿದೆ.

"ಎದೆ ಮೂವತ್ತೆರಡಾ?" ಅಂತ ಕತ್ತರಿ ನಿಲ್ಲಿಸಿದರು. "ಆ ಹುಡುಗಿ ತುಂಬಿದ ಮೈಯವಳಲ್ವೇನೇ?"

ಹೆಸರು ಓದು ಅಂದುಬಿಟ್ಟರೆ ಅಂತ ಹೆದರಿಕೆ. "ಹಾಗೇ ಬರ್ದಿದೀರಲ್ಲಮ್ಮ" ಅಂದೆ.

"ತಂಗೀನ ನೆನಪು ಮಾಡ್ಕೊಂಡೆನೇನೋ" ಅಂತ ಅವರೇ ಸಮಾಧಾನ ಹೇಳಿಕೊಂಡು ಕತ್ತರಿಸಿದರು.

ಮದುವೆಗೆ ಮೂರು ದಿನ ಇದ್ದಾಗ ತಾಯಿ ಮಗಳು ಬಂದರು. ಹುಡುಗಿ ಪರದೆಯ ಹಿಂದೆ ಹೋಗಿ ಹಾಕಿಕೊಳ್ಳಲು ನೋಡಿದಳು. ತೋಳು ಮೊಣಕೈ ದಾಟಲಿಲ್ಲ. ಮುಂದಿನ ಎರಡು ಭಾಗದ ನಡುವೆ ನಾಲ್ಕು ಬೆರಳು ಅಂತರ. ತಾಯಿಯ ಗಂಟಲು ಬೀದಿಗೆ ಕೇಳಿತು. ಟೇಲರಮ್ಮ ಅಳತೆ ಪುಸ್ತಕ ತೆರೆದರು. ಮದುಮಗಳ ಪುಟ ನೋಡಿದರು. ಅದರ ಮುಂದಿನ ಪುಟ ನೋಡಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಒಂದೇ ಸಲ.

"ನನ್ನದೇ ತಪ್ಪು. ಪುಟ ತಪ್ಪಿ ನೋಡ್ಬಿಟ್ಟೆ" ಅಂದರು.

ಆ ತಾಯಿ ಪುಸ್ತಕ ಕಿತ್ತುಕೊಂಡಳು. "ಯಾರಿದು? ಸಿನಿಮಾದವಳ ಥರ ಹೆಸರು! ಇವಳ್ಯಾವ ಮನೆ ಹುಡುಗಿ?"

ಪಿಕೋ ಅಕ್ಕನಿಗೆ ಕಪಟ ಗೊತ್ತಿಲ್ಲ. "ಅದು ಕತೆಯೊಳಗಿರೋ ಪೊಣ್ಣು ಅಮ್ಮಾ. ಬಾಂಬೇಲಿ ಫ್ಯಾಷನ್ ಷೋ ಮಾಡ್ತಾಳೆ. ನಿನ್ನೆ ಅವಳ ಗೌನು ಕಳವಾಯ್ತು" ಅಂದಳು.

ಮದುಮಗಳು ಪರದೆ ಹಿಂದೆ ಕಿಸಕ್ಕನೆ ನಕ್ಕಳು. ತಾಯಿ ಮಾತ್ರ ಕೆಂಪಾದಳು. "ಕತೆಪುಸ್ತಕದ ಬೊಂಬೆ ಅಳತೆಗೆ ನನ್ನ ಮಗಳ ಧಾರೆ ಬ್ಲೌಸಾ? ಗಿರಾಕಿ ಬಟ್ಟೆ ತೊಡೆ ಮೇಲಿಟ್ಕೊಂಡು ಕತೆ ಓದ್ತೀರಾ? ಮಿಕ್ಕಿದ್ದೂ ಹಾಳಾಗ್ಬಾರ್ದು ಅಂದ್ರೆ ಇನ್ಮೇಲೆ ಈ ಅಂಗಡೀಲಿ ಓದಲ್ಲ ಅಂತ ಮಾತು ಕೊಡಿ. ಇಲ್ದಿದ್ರೆ ಈಗ್ಲೇ ಎಲ್ಲ ವಾಪಸು ಕೊಡಿ."

ಟೇಲರಮ್ಮ ಕತ್ತರಿಯ ಮೇಲೆ ಕೈಯಿಟ್ಟರು. "ನಾನಿನ್ನು ಈ ಅಂಗಡೀಲಿ ಪುಸ್ತಕ ಓದಲ್ಲ" ಅಂದರು.

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ತಲೆ ಬಗ್ಗಿಸಿ ಹುಕ್ಕು ಹಾಕುತ್ತ ಕೂತೆ. ಇದಕ್ಕೆ ನೆಪ ಹುಡುಕುವುದಿಲ್ಲ. ಕೆಲಸ ಹೋಗುತ್ತದೆ ಅಂತ ಹೆದರಿದೆ, ಅಷ್ಟೇ.

ಬ್ಲೌಸನ್ನು ಅವರು ಉಳಿಸಿದರು. ಯಾವುದೋ ಕಾದಂಬರಿಯಲ್ಲಿ, ಷೋ ಶುರುವಾಗುವ ಹೊತ್ತಿಗೆ ಗೌನು ಬಿಗಿಯಾದಾಗ ಎರಡು ಬಗಲಿಗೂ ಬೇರೆ ಬಣ್ಣದ ಪಟ್ಟಿ ಕೊಟ್ಟು ಅದನ್ನೇ ಡಿಸೈನ್ ಮಾಡಿದ್ದು ಬಂದಿತ್ತು. ಇವರು ಗಾಢ ಕೆಂಪು ವೆಲ್ವೆಟ್ಟಿನ ಪಟ್ಟಿಯನ್ನು ಕಂಕುಳಿಂದ ಸೊಂಟದವರೆಗೆ ಕೊಟ್ಟು, ತೋಳಿಗೂ ಅದನ್ನೇ ಓಡಿಸಿ, ಅಂಚಿಗೆ ಸಣ್ಣ ಜರಿ ಹಾಕಿದರು. ಎರಡು ದಿನ ಊಟಕ್ಕೂ ಏಳಲಿಲ್ಲ. ಹುಡುಗಿ ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡಳು. "ಚೆನ್ನಾಗಿದೆ ಆಂಟಿ" ಅಂದಳು. ತಾಯಿ ಹಾಳಾದದ್ದನ್ನು ಮಾತ್ರ ಹೇಳಿಕೊಂಡು ತಿರುಗಿದಳು. ಹೊಸಮನೆಯಿಂದ ಆಮೇಲೆ ಒಬ್ಬರೂ ಬರಲಿಲ್ಲ. ಅಲ್ಲಿನ ವಿದ್ಯಾನಗರದ ಗಿರಾಕಿಗಳೂ ಬರುವುದು ನಿಲ್ಲಿಸಿದರು. ಓಲ್ಡ್ ಟೌನಿನಲ್ಲೂ ಜನ ಅಂಗಡಿ ಮುಂದೆ ಹೋಗುವಾಗ, "ಏನಮ್ಮ, ಬಾಂಬೆ ಗಿರಾಕಿ ಬಂದಿದ್ರಾ?" ಅಂತ ನಗುತ್ತಿದ್ದರು.

ಎರಡು ಗಂಟೆಯ ಸೈರನ್ ಕೂಗುತ್ತಿತ್ತು. ಟೇಲರಮ್ಮ ಮಿಷನ್ನಿಗೆ ಮುಸುಕು ಹಾಕುತ್ತಿದ್ದರು. ಡ್ರಾಯರ್ ತೆಗೆಯುತ್ತಿರಲಿಲ್ಲ. ಪಿಕೋ ಅಕ್ಕ ಒಂದು ರೇಡಿಯೋ ತಂದಳು, ನಾಲ್ಕು ದಿನದಲ್ಲಿ ಅವಳೇ ವಾಪಸು ತೆಗೆದುಕೊಂಡು ಹೋದಳು. ಮನೆಯಲ್ಲಿ ಓದಬಹುದಿತ್ತಲ್ಲ ಅಂತ ಕೇಳುತ್ತೀರಿ. ತಮ್ಮನ ಮನೆಯ ಆ ಕೋಣೆಯಲ್ಲಿ ಮಕ್ಕಳೂ ಮಲಗುತ್ತಿದ್ದರು, ದೀಪ ಹಾಕುವಂತಿರಲಿಲ್ಲ. ಅವರಿಗೆ ಇದ್ದದ್ದು ಆ ಎರಡು ತಾಸು. ಅದನ್ನು ನಾನು ಕಳೆದಿದ್ದೆ. ಬೇಸಿಗೆ ಹೋಗಿ ಮಳೆ ಬಂತು, ಮಳೆ ಹೋಯಿತು. ಅವರು ನನ್ನನ್ನು ಏನೂ ಕೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ದೀಪಾವಳಿ ಕೆಲಸ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರು ಲೈಬ್ರರಿಯಿಂದ ಒಂದು ದಪ್ಪ ಕಾದಂಬರಿ ತಂದು ನನ್ನ ತೊಡೆಯ ಮೇಲೆ ಹಾಕಿದರು.

"ಓದು."

"ನಾನಾ?"

"ನಾನು ಓದಲ್ಲ ಅಂತ ಮಾತು ಕೊಟ್ಟಿದೀನಿ. ನೀನು ಓದಲ್ಲ ಅಂತ ಯಾರೂ ಮಾತು ಕೊಟ್ಟಿಲ್ಲ."

ಪುಸ್ತಕವನ್ನು ಕೈಯಲ್ಲಿ ಹಿಡಿದು ಕೂತೆ. ಇನ್ನು ಎಲ್ಲಿ ಓಡುವುದು? "ನಂಗೆ ಓದಕ್ಕೆ ಬರಲ್ಲಮ್ಮ. ನಾಲ್ಕನೇ ಕ್ಲಾಸು ಅಂದಿದ್ದು ಸುಳ್ಳು."

"ಗೊತ್ತು. ಪುಟ ನೋಡಿದ ತಕ್ಷಣ ಗೊತ್ತಾಯ್ತು. ಪುಸ್ತಕ ತಲೆಕೆಳಗೆ ಹಿಡಿದಿದೀಯ, ಸರಿ ಹಿಡ್ಕೊ."

"ಮತ್ತೆ ಆಯಮ್ಮಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಕಳಿಸು ಅಂತಿದ್ಲು. ನಿನ್ನಷ್ಟು ಸಣ್ಣ ಹೆಮ್ಮಿಂಗ್ ಹಾಕೋಳು ಈ ಊರಲ್ಲಿ ಯಾರಿದಾರೆ? ಪುಸ್ತಕ ಬಿಡೋದು ಸುಲಭ."

ಸುಲಭವಲ್ಲ ಅಂತ ಆರು ತಿಂಗಳು ದಿನಾ ಕಣ್ಣಾರೆ ನೋಡಿದ್ದೆ. ಸೆರಗಿನಲ್ಲಿ ಮುಖ ಒರೆಸಿಕೊಂಡೆ. "ಅಳೋದೇನೂ ಬೇಡ, ಹಾಳೆ ನೆನೆಯತ್ತೆ. ಲೈಬ್ರರಿದು" ಅಂದರು.

ಅವರು ಕಲಿಸಿದ ರೀತಿ ಯಾವ ಶಾಲೆಯಲ್ಲೂ ಇಲ್ಲ. ಸ್ಲೇಟು ತರಿಸಲಿಲ್ಲ. ನೇರವಾಗಿ ಕಾದಂಬರಿಯ ಮೊದಲ ಸಾಲು. ಒಂದೊಂದು ಅಕ್ಷರವನ್ನೂ ಹಳೆಯ ಬಟ್ಟೆಯ ಮೇಲೆ ಚಾಕಿನಲ್ಲಿ ಬರೆದು, ಅದರ ಮೇಲೆ ನನ್ನಿಂದ ದಾರದಲ್ಲಿ ಹೊಲಿಸುತ್ತಿದ್ದರು. ಕೈಗೆ ಗೊತ್ತಾದದ್ದು ಕಣ್ಣಿಗೆ ಗೊತ್ತಾಗುತ್ತದೆ ಅಂತ. ಒತ್ತಕ್ಷರ ಅಂದರೆ ಬಟ್ಟೆಯ ಕೆಳಗೆ ಹಾಕುವ ಹುಕ್ಕು ಅಂತ ತಿಳ್ಕೊ ಅಂದರು. ಮೊದಲ ಪುಟಕ್ಕೆ ಎರಡು ತಿಂಗಳು ಹಿಡಿಯಿತು. "ಅಕ್ಕಾ, ನೀ ಓದಿ ಮುಗ್ಸೋದ್ರೊಳಗೆ ಆ ಪೊಣ್ಣು ಮುದುಕಿ ಆಗ್ಬಿಡ್ತಾಳೆ" ಅಂತ ಪಿಕೋ ಅಕ್ಕ ರೇಗಿಸುತ್ತಿದ್ದಳು. ಟೇಲರಮ್ಮ ರೇಗಿಸಲಿಲ್ಲ. ಮುಂದೇನಾಗುತ್ತದೆ ಅಂತ ತಿಳಿಯಲು ಅವರೂ ನನಗೇ ಕಾಯಬೇಕಿತ್ತು. ಪುಸ್ತಕ ಕೈಗೆಟುಕುವಂತೆ ಇದ್ದರೂ ಒಂದು ದಿನ ಇಣುಕಿ ನೋಡಿದವರಲ್ಲ. ಆ ಒಂದು ಕಾದಂಬರಿಗೆ ಒಂದೂವರೆ ವರ್ಷ ತೆಗೆದುಕೊಂಡೆವು. ಎರಡನೆಯದಕ್ಕೆ ಐದು ತಿಂಗಳು. ಆಮೇಲೆ ತಿಂಗಳಿಗೊಂದು.

ಹಾಗೆ ಎಂಟು ಹತ್ತು ವರ್ಷ ನಡೆಯಿತು. ರೆಡಿಮೇಡ್ ಬಂತು, ಮನೆಮನೆಗೆ ಟಿವಿ ಧಾರಾವಾಹಿ ಬಂತು, ಲೈಬ್ರರಿಯವನು ಅರ್ಧ ಅಂಗಡಿಯಲ್ಲಿ ಮೊಬೈಲ್ ಕರೆನ್ಸಿ ಮಾರತೊಡಗಿದ. ನಾವು ಓದುತ್ತಲೇ ಇದ್ದೆವು.

ಟೇಲರಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆ ಅಂತ ಗೊತ್ತಾದಾಗ ತಡವಾಗಿತ್ತು. ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನಲ್ಲಿ ಮಲಗಿಸಿದರು. ನಾನು ದಿನಾ ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದೆ. ಅವರ ತಮ್ಮನ ಹೆಂಡತಿ ತಲೆದಿಂಬಿನ ಹತ್ತಿರ ದೇವರ ಪುಸ್ತಕ ತಂದಿಟ್ಟಿದ್ದಳು. ನಾನು ಚೀಲದಿಂದ ಕಾದಂಬರಿ ತೆಗೆದಾಗ ಮುಖ ಗಂಟು ಹಾಕಿದಳು.

"ಇಂಥ ಹೊತ್ತಲ್ಲಿ ಇದನ್ನ ಓದ್ತಾರೇನ್ರೀ? ಅತ್ತಿಗೆ, ದೇವರ ಹೆಸ್ರು ಕಿವಿಗೆ ಹಾಕ್ಕೊಳ್ಳಿ."

"ದೇವರ ಹತ್ರಾನೇ ಹೋಗ್ತಿದೀನಲ್ಲಮ್ಮ, ಅಲ್ಲೇ ಕೇಳ್ತೀನಿ. ಈ ಹುಡುಗಿ ಕತೆ ಅಲ್ಲಿ ಯಾರು ಹೇಳ್ತಾರೆ?" ಅಂತ ಟೇಲರಮ್ಮ ನನ್ನ ಕಡೆ ತಿರುಗಿ, "ಶುರು ಮಾಡು" ಅಂದರು.

ನಾನು ಓದಿದೆ. ಪ್ಯಾರಿಸ್ಸಿಗೆ ಹೋಗಬೇಕಾದ ಹುಡುಗಿಯ ಡಿಸೈನುಗಳನ್ನು ಅವಳ ಗೆಳತಿಯೇ ಕದ್ದಿದ್ದಳು. ಅಕ್ಕಪಕ್ಕದ ಮಂಚದವರು ಮೊದಲು ಗೊಣಗಿದರು. ಮೂರನೆಯ ದಿನಕ್ಕೆ, "ಸ್ವಲ್ಪ ಜೋರಾಗಿ ಓದಿ, ಇಲ್ಲಿಗೆ ಕೇಳಲ್ಲ" ಅಂದರು. ಟೇಲರಮ್ಮನಿಗೆ ಮಾತು ಕಡಿಮೆಯಾಗುತ್ತ ಬಂತು. ನಾನು ತಡವರಿಸಿದರೆ ಬೆರಳೆತ್ತುತ್ತಿದ್ದರು, ನಿಧಾನಕ್ಕೆ ಅಂತ. ಒಂದು ಸಲ ಮಾತ್ರ, "ಎಷ್ಟು ಚೆನ್ನಾಗಿ ಓದ್ತೀಯ" ಅಂದರು. ಅವರ ಬಾಯಿಂದ ನನ್ನ ಹೆಮ್ಮಿಂಗ್ ಬಿಟ್ಟು ಬೇರೆ ಯಾವುದಕ್ಕೂ ಹೊಗಳಿಕೆ ಕೇಳಿರಲಿಲ್ಲ. ನಾನು ಮುಂದಿನ ಸಾಲು ಓದಿದೆ.

ಒಂದು ಬೆಳಿಗ್ಗೆ ತೀರಿಕೊಂಡರು. ಅವರ ತಮ್ಮ ದೇಹವನ್ನು ಭದ್ರಾವತಿಗೆ ತಂದು ಎಲ್ಲ ಮುಗಿಸಿದ. ಪಿಕೋ ಅಕ್ಕ ಬಾಯಿ ಬಿಟ್ಟು ಅತ್ತಳು. ನಾನು ಅಡುಗೆಗೆ ನೀರು ಹೊತ್ತೆ, ಬಂದವರಿಗೆ ಚಾಪೆ ಹಾಸಿದೆ.

ಮೂರನೆಯ ದಿನ ಲೈಬ್ರರಿಯ ಪುಸ್ತಕ ಆಸ್ಪತ್ರೆಯಲ್ಲೇ ಉಳಿದಿದೆ ಅಂತ ನೆನಪಾಗಿ ಶಿವಮೊಗ್ಗದ ಬಸ್ಸು ಹತ್ತಿದೆ. ಅವರ ಮಂಚದ ಮೇಲೆ ಯಾರೋ ಬೇರೆ ಮುದುಕಿ ಮಲಗಿದ್ದಳು. ಕಾದಂಬರಿಯನ್ನು ಪಕ್ಕದ ಮಂಚದವಳು ತನ್ನ ದಿಂಬಿನ ಕೆಳಗೆ ಜೋಪಾನ ಮಾಡಿದ್ದಳು. ನಾನು ಈಸಿಕೊಂಡು ಚೀಲಕ್ಕೆ ಹಾಕುವಾಗ ಅವಳು ನನ್ನ ಸೆರಗು ಹಿಡಿದಳು.

"ಅಕ್ಕಾ, ನಮಗ್ಯಾರಿಗೂ ಓದಕ್ಕೆ ಬರಲ್ಲ. ಆ ಹುಡುಗಿ ಪ್ಯಾರಿಸ್ಸಿಗೆ ಹೋದ್ಲಾ?"

"ಗೊತ್ತಿಲ್ಲ. ನಾನೂ ಮುಂದೆ ಓದಿಲ್ಲ" ಅಂದೆ.

ಸುತ್ತಲಿನ ಮಂಚದವರು ಎದ್ದು ಕೂತಿದ್ದರು. ಹೊಸದಾಗಿ ಬಂದ ಮುದುಕಿಯೂ ಈ ಕಡೆ ತಿರುಗಿದಳು. ನಾನು ಸ್ಟೂಲು ಎಳೆದುಕೊಂಡು ಕೂತು, ಬಿಟ್ಟ ಕಡೆಯಿಂದ ಓದಿದೆ. ಹುಡುಗಿ ಪ್ಯಾರಿಸ್ಸಿಗೆ ಹೋದಳು. ಕದ್ದವಳು ಸಿಕ್ಕಿಬಿದ್ದಳು. ದೀಪ ಹತ್ತಿತು, ಸಂಗೀತ ಶುರುವಾಯಿತು, ಹುಡುಗಿ ತಾನೇ ಹೊಲಿದ ಗೌನು ಹಾಕಿಕೊಂಡು ಪರದೆಯ ಹಿಂದೆ ನಿಂತಳು. ಅಷ್ಟರಲ್ಲಿ ಹೊರಗಿನವರು ಹೋಗುವ ಗಂಟೆ ಹೊಡೆಯಿತು. ಆಯಾ ಬಂದು, "ಟೈಮಾಯ್ತು, ಏಳಿ ಅಕ್ಕ, ಡಾಕ್ಟ್ರು ಬರ್ತಾರೆ" ಅಂದಳು.

ಇನ್ನೂ ನಾಲ್ಕು ಪುಟ ಉಳಿದಿತ್ತು. ನಾನು ಏಳಲಿಲ್ಲ.